ಡಿಸ್ಕಿನ ಪಾಲುಪಟ್ಟಿ: ಯಂತ್ರ ಕೇಳುವುದನ್ನು ಬಿಟ್ಟ ಒಂದು ಪ್ರಶ್ನೆಯ ಚರಿತ್ರೆ

ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಕಾಗದ ಹುಟ್ಟುತ್ತದೆ. ಯಾವ ಗದ್ದೆ ಯಾರಿಗೆ, ಬಾವಿಯ ನೀರಿನ ಸರದಿ ಹೇಗೆ, ಗಡಿ ಎಲ್ಲಿಂದ ಎಲ್ಲಿಗೆ ಎಂದು ಪಂಚರ ಮುಂದೆ ಬರೆದ ಪಾಲುಪಟ್ಟಿ. ಬರೆಯುವ ದಿನ ಅದು ಆ ಹೊತ್ತಿನ ಅನುಕೂಲ ಅಷ್ಟೆ. ಮೂವತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳ ಜಗಳವೆಲ್ಲ ಅದರ ಒಂದೊಂದು ಸಾಲಿಗೆ ಬಂದು ನಿಲ್ಲುತ್ತದೆ.

ಕಂಪ್ಯೂಟರಿನ ಡಿಸ್ಕಿಗೂ ಇಂಥ ಪಾಲುಪಟ್ಟಿ ಇದೆ. ಇಂಜಿನಿಯರುಗಳು ಅದನ್ನು ಪಾರ್ಟಿಷನ್ ಟೇಬಲ್ ಎನ್ನುತ್ತಾರೆ. ಡಿಸ್ಕಿನ ಯಾವ ಭಾಗದಲ್ಲಿ ಯಂತ್ರವನ್ನು ಎಬ್ಬಿಸುವ ಬೂಟ್ ಫೈಲುಗಳು, ಯಾವ ಭಾಗದಲ್ಲಿ ಆಪರೇಟಿಂಗ್ ಸಿಸ್ಟಮ್, ಯಾವುದರಲ್ಲಿ ಗಿರಾಕಿಯ ಡೇಟಾ ಎಂಬ ಲೆಕ್ಕ ಅದರಲ್ಲಿರುತ್ತದೆ. ಚೆನ್ನೈನ ಓಎಂಆರ್ ರಸ್ತೆಯ ಕಚೇರಿಗಳಲ್ಲಿ ನೈಟ್ ಶಿಫ್ಟಿನವರು ಸರ್ವರುಗಳಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವಾಗ, ಎಲ್ಲ ಸಲೀಸಾಗಿ ಸಾಗುತ್ತಾ ಇದ್ದದ್ದು ಹೆಚ್ಚಾಗಿ ಕೈಕೊಡುವುದು ಈ ಪಟ್ಟಿಯ ಹತ್ತಿರ ಬಂದಾಗ. ಅಲ್ಲಿ ಕಾಣುವ ಒಂದೊಂದು ಎರರ್ ಸಂದೇಶಕ್ಕೂ ಒಂದು ಹುಟ್ಟಿದ ವರ್ಷವಿದೆ. ಆ ವರ್ಷಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ‘ಮಾನವ ದೋಷ’ ಎಂದು ನಾವು ಷರಾ ಬರೆದು ಮುಚ್ಚುವ ಕಡತಗಳು ಬೇರೆ ರೀತಿಯಲ್ಲಿ ಕಾಣತೊಡಗುತ್ತವೆ.

ಮೊದಲ ಡಿಸ್ಕುಗಳಿಗೆ ಪಾಲಿನ ಚಿಂತೆ ಇರಲಿಲ್ಲ. 1956ರಲ್ಲಿ ಐಬಿಎಂ ಹೊರತಂದ ರಾಮಾಕ್ ಯಂತ್ರದ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ನಮ್ಮ ಚೆನ್ನೈಗೆ ದೊಡ್ಡ ಕಂಪ್ಯೂಟರಿನ ಕಾಲ ಬಂದದ್ದು 1973ರಲ್ಲಿ, ಅಡ್ಯಾರಿನ ಪಕ್ಕದ ಐಐಟಿ ಮದ್ರಾಸಿಗೆ ಆಗಿನ ಪಶ್ಚಿಮ ಜರ್ಮನಿಯ ನೆರವಿನಿಂದ ಐಬಿಎಂ 370/155 ಬಂದಾಗ. ಅಂಥ ಯಂತ್ರಗಳ ಕಾಲದಲ್ಲಿ ಡಿಸ್ಕಿನ ಪಕ್ಕದಲ್ಲೇ ಆಪರೇಟರ್ ಇರುತ್ತಿದ್ದ. ಯಾವ ಡಿಸ್ಕು ಎಂಬ ಪ್ರಶ್ನೆಗೆ ಕೈ ತೋರಿಸಿ ಉತ್ತರ ಹೇಳಬಹುದಿತ್ತು. ಯುನಿಕ್ಸಿನ ಆರಂಭದ ದಿನಗಳಲ್ಲಿ ಡಿಸ್ಕಿನ ಪಾಲುಗಳನ್ನು ಡಿಸ್ಕಿನ ಮೇಲೆ ಬರೆಯುತ್ತಲೇ ಇರಲಿಲ್ಲ. ಅದನ್ನು ಓಡಿಸುವ ಡ್ರೈವರ್ ಪ್ರೋಗ್ರಾಮಿನ ಒಳಗೇ ಅಂಕಿಗಳನ್ನು ಸೇರಿಸಿಬಿಡುತ್ತಿದ್ದರು. ಊರಿನ ಗಡಿಗಳೆಲ್ಲ ಶಾನುಭೋಗರ ತಲೆಯಲ್ಲಿದ್ದ ಹಾಗೆ.

ಪಾಲುಪಟ್ಟಿ ಡಿಸ್ಕಿನ ಮೇಲೆಯೇ, ಇವತ್ತಿಗೂ ನಮ್ಮನ್ನು ಕಾಡುವ ರೂಪದಲ್ಲಿ ಬಂದದ್ದು 1983ರ ಮಾರ್ಚಿನಲ್ಲಿ. ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತು ಬಂತು, ಜೊತೆಗೆ ಡಾಸ್ 2.0. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟಿನದು. ಅದರಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, ಕೊನೆಯ 2 ಬೈಟು ಗುರುತಿನ ಮುದ್ರೆಗೆ. ಉಳಿದದ್ದು 64 ಬೈಟು. ಒಂದು ಪಾಲಿನ ವಿವರಕ್ಕೆ 16 ಬೈಟು ಬೇಕು. ಹಾಗಾಗಿ ಪಾಲುಗಳು ನಾಲ್ಕೇ. 10 ಮೆಗಾಬೈಟನ್ನು ನಾಲ್ಕಕ್ಕಿಂತ ಹೆಚ್ಚಾಗಿ ಯಾರು ಹಂಚಿಕೊಳ್ಳುತ್ತಾರೆ ಎಂದು ಆಗ ಅನ್ನಿಸಿದ್ದರೆ ತಪ್ಪೇನಿಲ್ಲ. ಡಿಸ್ಕುಗಳು ಬೆಳೆದಾಗ, 1987ರ ಡಾಸ್ 3.3ರ ಹೊತ್ತಿಗೆ, ಒಂದು ಪಾಲನ್ನು ‘ವಿಸ್ತರಿತ’ ಎಂದು ಕರೆದು ಅದರೊಳಗೆ ಮತ್ತೆ ಪಾಲು ಮಾಡುವ ಉಪಾಯ ಬಳಕೆಗೆ ಬಂತು. ಮನೆಯ ಹಜಾರಕ್ಕೆ ಹಲಗೆ ಹೊಡೆದು ಎರಡು ಸಂಸಾರ ಮಾಡಿದಂತೆ. ನಡೆಯುತ್ತದೆ, ಆದರೆ ಗೊತ್ತಿಲ್ಲದವರು ಬಂದರೆ ಬಾಗಿಲು ತಪ್ಪುತ್ತಾರೆ.

ಅದೇ 16 ಬೈಟಿನಲ್ಲಿ ಇನ್ನೊಂದು ಮಿತಿಯೂ ಅಡಗಿತ್ತು. ಪಾಲು ಎಲ್ಲಿ ಶುರು, ಎಷ್ಟು ಉದ್ದ ಎಂಬುದಕ್ಕೆ 32 ಬಿಟ್ಟಿನ ಅಂಕಿ. 512 ಬೈಟಿನ ಸೆಕ್ಟರುಗಳನ್ನು ಅಷ್ಟರಲ್ಲಿ ಎಣಿಸಿದರೆ ಸುಮಾರು 2.2 ಟೆರಾಬೈಟಿಗೆ ಲೆಕ್ಕ ಮುಗಿಯುತ್ತದೆ. ಮನೆ ಕಂಪ್ಯೂಟರಿನವರಿಗೆ ಈ ಗೋಡೆ ತಾಗಿದ್ದು 2010ರ ಸುಮಾರಿಗೆ, 3 ಟೆರಾಬೈಟಿನ ಡಿಸ್ಕುಗಳು ಮಾರುಕಟ್ಟೆಗೆ ಬಂದಾಗ. ಸರ್ವರಿನವರಿಗೆ ಅದಕ್ಕೂ ಮೊದಲೇ ತಾಗಿತ್ತು. ಹಲವು ಡಿಸ್ಕುಗಳನ್ನು ರೇಡ್ ಕಾರ್ಡಿನಿಂದ ಒಂದಾಗಿ ಕಟ್ಟಿದರೆ ಯಂತ್ರಕ್ಕೆ ಅದು ಒಂದೇ ದೊಡ್ಡ ಡಿಸ್ಕಾಗಿ ಕಾಣುತ್ತದಲ್ಲ.

ಇದಕ್ಕೆ ಮದ್ದಾಗಿ ಬಂದದ್ದು ಜಿಪಿಟಿ ಎಂಬ ಹೊಸ ಪಾಲುಪಟ್ಟಿ. ಇಂಟೆಲ್ ತನ್ನ ಇಟೇನಿಯಂ ಸರ್ವರುಗಳಿಗಾಗಿ ರೂಪಿಸಿದ ಇಎಫ್‌ಐ ವ್ಯವಸ್ಥೆಯ ಭಾಗ ಅದು. 2005ರಲ್ಲಿ ಯುಇಎಫ್‌ಐ ಒಕ್ಕೂಟದ ಕೈಗೆ ಹೋಯಿತು. ರೂಢಿಯಲ್ಲಿ 128 ಪಾಲು, 64 ಬಿಟ್ಟಿನ ಅಂಕಿ. ಪಟ್ಟಿಯ ಒಂದು ನಕಲು ಡಿಸ್ಕಿನ ತುದಿಯಲ್ಲೂ ಇರುತ್ತದೆ. ಹಳೆಯ ಪ್ರೋಗ್ರಾಮುಗಳು ಇದನ್ನು ಖಾಲಿ ಡಿಸ್ಕು ಎಂದು ತಿಳಿದು ಬರೆದುಬಿಡದಿರಲಿ ಎಂದು ಮೊದಲ ಸೆಕ್ಟರಿನಲ್ಲಿ 1983ರ ಮಾದರಿಯ ಹುಸಿ ಪಟ್ಟಿಯನ್ನೂ ಇಡುತ್ತಾರೆ.

ಇಲ್ಲಿಂದ ಸರ್ವರಿನವರ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಒಂದೇ ಸೂಚನಾ ಫೈಲು ಒಂದು ಸರ್ವರಿನಲ್ಲಿ ಸರಾಗವಾಗಿ ಓಡುತ್ತದೆ, ಪಕ್ಕದ ಸರ್ವರಿನಲ್ಲಿ ನಿಲ್ಲುತ್ತದೆ. ಹುಡುಕಿದರೆ ಮೊದಲನೆಯದರ ಡಿಸ್ಕು 1 ಟೆರಾಬೈಟು, ಎರಡನೆಯದರದು 4. ರೆಡ್ ಹ್ಯಾಟ್ 7ರ ಇನ್‌ಸ್ಟಾಲರ್ ಹಳೆಯ ಬಯೋಸ್ ಯಂತ್ರಗಳಲ್ಲಿ ಸಣ್ಣ ಡಿಸ್ಕಿಗೆ ಹಳೆಯ ಪಟ್ಟಿಯನ್ನೂ ದೊಡ್ಡದಕ್ಕೆ ಜಿಪಿಟಿಯನ್ನೂ ತಾನೇ ಆರಿಸಿಕೊಳ್ಳುತ್ತದೆ. ಬಯೋಸ್ ಯಂತ್ರದಲ್ಲಿ ಜಿಪಿಟಿ ಡಿಸ್ಕಿನಿಂದ ಏಳಬೇಕಾದರೆ 1 ಮೆಗಾಬೈಟಿನ ಒಂದು ಪ್ರತ್ಯೇಕ ಪಾಲು ಬೇಕು. ಯುಇಎಫ್‌ಐ ಯಂತ್ರಕ್ಕೆ ಅದರದೇ ಇಎಫ್‌ಐ ಪಾಲು ಬೇಕು. ಫೈಲು ಬರೆದವರು ಸಣ್ಣ ಡಿಸ್ಕು ನೋಡಿ ಬರೆದಿದ್ದರು. 1983ರ ಒಂದು ಗುಣಾಕಾರ 2010ರ ದಶಕದ ರಾತ್ರಿಯೊಂದರಲ್ಲಿ ಹೀಗೆ ಎದುರು ನಿಲ್ಲುತ್ತದೆ.

63 ಎಂಬ ಅಂಕಿಯ ಕಥೆಯೂ ಇಂಥದೇ. ಹಳೆಯ ಬಯೋಸ್ ಡಿಸ್ಕಿನ ವಿಳಾಸವನ್ನು ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮೂರು ತುಂಡಾಗಿ ಹೇಳುತ್ತಿತ್ತು. ಸೆಕ್ಟರಿಗೆ ಸಿಕ್ಕಿದ್ದು 6 ಬಿಟ್ಟು, ಎಣಿಕೆ ಒಂದರಿಂದ ಶುರು. ಹಾಗಾಗಿ ಒಂದು ಟ್ರ್ಯಾಕಿನಲ್ಲಿ ಹೆಚ್ಚೆಂದರೆ 63. ಮೊದಲ ಟ್ರ್ಯಾಕನ್ನು ಪಾಲುಪಟ್ಟಿಗೆ ಬಿಟ್ಟು, ಮೊದಲ ಪಾಲನ್ನು 63ನೇ ಸೆಕ್ಟರಿನಿಂದ ಶುರುಮಾಡುವುದು ರೂಢಿಯಾಯಿತು. ಡಿಸ್ಕುಗಳ ಒಳರಚನೆ ಬದಲಾಗಿ ಟ್ರ್ಯಾಕು, ಹೆಡ್ಡುಗಳ ಆ ಲೆಕ್ಕ ಬರೀ ನಾಟಕವಾದ ಮೇಲೂ 63 ಉಳಿಯಿತು. 2010ರ ಆಸುಪಾಸಿನಲ್ಲಿ ಡಿಸ್ಕು ತಯಾರಕರು ಒಳಗಿನ ಸೆಕ್ಟರನ್ನು 512ರಿಂದ 4096 ಬೈಟಿಗೆ ಹಿಗ್ಗಿಸಿದರು. 63ನ್ನು 512ರಿಂದ ಗುಣಿಸಿ 4096ರಿಂದ ಭಾಗಿಸಿ ನೋಡಿ: 7.875. ಪಾಲಿನ ಗಡಿ ಒಂದು ಸೆಕ್ಟರಿನ ನಡುಹೊಟ್ಟೆಯಲ್ಲಿ ಬೀಳುತ್ತದೆ. ಒಂದು ತುಂಡು ಬರೆಯಲು ಡಿಸ್ಕು ಎರಡು ಸೆಕ್ಟರುಗಳನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕು. ಇನ್‌ಸ್ಟಾಲ್ ಮುಗಿಯುತ್ತದೆ, ಎರರ್ ಏನೂ ಬರುವುದಿಲ್ಲ, ಸರ್ವರ್ ಮಾತ್ರ ನಿಧಾನ. ಈಗ ಮೊದಲ ಪಾಲು 2048ನೇ ಸೆಕ್ಟರಿನಿಂದ, ಅಂದರೆ ಸರಿಯಾಗಿ 1 ಮೆಗಾಬೈಟಿನಿಂದ, ಶುರುವಾಗುತ್ತದೆ. ಆದರೆ ಹಳೆಯ ಫೈಲಿನಿಂದ ನಕಲು ಮಾಡಿದ ಹೊಸ ಫೈಲಿನಲ್ಲಿ 63 ಆಗಾಗ ಕಾಣಿಸಿಕೊಳ್ಳುತ್ತದೆ.

ಇಷ್ಟೂ ಗಡಿಯ ಕಥೆ. ಇನ್ನು ಗಡಿ ಹಾಕುವವರ ಕಥೆ.

ಹಿಂದೆ ಸರ್ವರಿಗೆ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದರೆ ಒಬ್ಬರು ಸಿಡಿ ಹಿಡಿದು ಅದರ ಮುಂದೆ ಕೂರುತ್ತಿದ್ದರು. ಡಿಸ್ಕು ಪಾಲು ಮಾಡುವ ಹಂತ ಬಂದಾಗ ಪರದೆ ಕೇಳುತ್ತಿತ್ತು: ಈ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ, ಮುಂದುವರಿಯಲೇ? ಕೂತವರು ಒಂದು ಕ್ಷಣ ನಿಲ್ಲುತ್ತಿದ್ದರು. ಡಿಸ್ಕಿನ ಹೆಸರು, ಗಾತ್ರ ಓದುತ್ತಿದ್ದರು. ಅನುಮಾನ ಬಂದರೆ ಪಕ್ಕದವರನ್ನು ಕರೆಯುತ್ತಿದ್ದರು.

ಯಂತ್ರಗಳ ಸಂಖ್ಯೆ ಹೆಚ್ಚಿದಾಗ ಇದು ಸಾಧ್ಯವಾಗಲಿಲ್ಲ. 1990ರ ದಶಕದಲ್ಲಿ ಸನ್ ಕಂಪನಿಯ ಸೊಲಾರಿಸಿಗೆ ಜಂಪ್‌ಸ್ಟಾರ್ಟ್ ಬಂತು, ರೆಡ್ ಹ್ಯಾಟಿಗೆ ಕಿಕ್‌ಸ್ಟಾರ್ಟ್ ಬಂತು. 1999ರಲ್ಲಿ ಜರ್ಮನಿಯ ಥಾಮಸ್ ಲಾಂಗೆ ಡೆಬಿಯನ್ನಿಗಾಗಿ ‘ಎಫ್‌ಎಐ’ ಶುರುಮಾಡಿದರು. ಅದೇ ವರ್ಷ ಯಂತ್ರವನ್ನು ನೆಟ್‌ವರ್ಕಿನಿಂದಲೇ ಎಬ್ಬಿಸುವ ಇಂಟೆಲ್ಲಿನ ಪಿಎಕ್ಸ್‌ಇ ಕ್ರಮದ 2.1ನೇ ಆವೃತ್ತಿ ಹೊರಬಿತ್ತು. ಎಲ್ಲದರ ತಿರುಳು ಒಂದೇ: ಇನ್‌ಸ್ಟಾಲರ್ ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಮೊದಲೇ ಒಂದು ಫೈಲಿನಲ್ಲಿ ಉತ್ತರ ಬರೆದಿಡುವುದು.

ಅದರ ಅಗತ್ಯ ಚೆನ್ನೈಗೂ ಇತ್ತು. ತರಮಣಿಯ ಗಣಿತ ವಿಜ್ಞಾನ ಸಂಸ್ಥೆ, ನಾವೆಲ್ಲ ಮ್ಯಾಟ್‌ಸೈನ್ಸ್ ಎನ್ನುವ ಜಾಗ, ಹಿಮಾಲಯದ ಶಿಖರವೊಂದರ ಹೆಸರಿನಲ್ಲಿ ‘ಕಬ್ರು’ ಎಂಬ ಲಿನಕ್ಸ್ ಕ್ಲಸ್ಟರ್ ಕಟ್ಟಿತು. 144 ಯಂತ್ರಗಳ ಆ ಕೂಟ 2004ರಲ್ಲಿ ವಿಶ್ವದ ಟಾಪ್500 ಪಟ್ಟಿ ಸೇರಿತು. ಐಐಟಿ ಮದ್ರಾಸಿನಲ್ಲಿ 2012ರಲ್ಲಿ ಬಂದ ‘ವರ್ಗೋ’ದಲ್ಲಿ ಸುಮಾರು 300 ಯಂತ್ರಗಳು. 144 ಯಂತ್ರಗಳಿಗೆ ತಲಾ ಅರ್ಧ ಗಂಟೆಯಂತೆ ಕೂತರೂ 72 ಗಂಟೆ. ಅಷ್ಟು ಹೊತ್ತು ಒಬ್ಬ ಮನುಷ್ಯ ಒಂದೇ ಪ್ರಶ್ನೆಗೆ ‘ಹೌದು’ ಒತ್ತುತ್ತಾ ಕೂತರೆ ಕೊನೆಯ ಯಂತ್ರದ ಹೊತ್ತಿಗೆ ಅವನು ಪ್ರಶ್ನೆಯನ್ನೇ ಓದುತ್ತಿರುವುದಿಲ್ಲ. ಹಾಗಾಗಿ ಆಟೊಮೇಷನ್ ಬಂದದ್ದು ಸೋಮಾರಿತನದಿಂದ ಎನ್ನುವುದು ಸರಿಯಲ್ಲ. ಬಹುಪಾಲು ಅದು ತಪ್ಪುಗಳನ್ನು ತಪ್ಪಿಸಿದೆ.

ಅದೇ ವರ್ಷಗಳಲ್ಲಿ ಚೆನ್ನೈ ಇನ್ನೊಂದು ಕೆಲಸಕ್ಕೂ ತೆರೆದುಕೊಂಡಿತು. 2000ದಲ್ಲಿ ಟೈಡಲ್ ಪಾರ್ಕ್ ಉದ್ಘಾಟನೆಯಾಯಿತು. 2002ರಲ್ಲಿ ಚೆನ್ನೈ–ಸಿಂಗಪುರ ನಡುವೆ ‘ಐ2ಐ’ ಸಮುದ್ರದಡಿಯ ಕೇಬಲ್ ಬಂತು. ಸರ್ವರ್ ಸಿಂಗಪುರದಲ್ಲೋ ಟೆಕ್ಸಾಸಿನಲ್ಲೋ, ಅದನ್ನು ನೋಡಿಕೊಳ್ಳುವವರು ಪೆರುಂಗುಡಿಯಲ್ಲೋ ಸಿರುಸೇರಿಯಲ್ಲೋ. ಮೊದಲು ಪ್ರಶ್ನೆ ಕೇಳುವ ಪರದೆಯ ಮುಂದಿನಿಂದ ಮನುಷ್ಯ ಎದ್ದ. ಆಮೇಲೆ ಡಿಸ್ಕು ಇರುವ ಊರಿನಿಂದಲೇ ಹೊರಟ.

ಡೆಬಿಯನ್ನಿನ ಉತ್ತರಪಟ್ಟಿಯನ್ನು ಪ್ರೀಸೀಡ್ ಎನ್ನುತ್ತಾರೆ. ಡಿಸ್ಕಿನ ಮಟ್ಟಿಗೆ ಅದರಲ್ಲಿ ಒಂದು ‘ಹೌದು’ ಬರೆದರೆ ಸಾಲದು. ಹೊಸ ಪಾಲುಪಟ್ಟಿ ಬರೆಯಲೇ ಎಂಬುದಕ್ಕೆ ಒಂದು, ಹಳೆಯ ಎಲ್‌ವಿಎಂ ತೆಗೆಯಲೇ ಎಂಬುದಕ್ಕೆ ಒಂದು, ಹಳೆಯ ರೇಡ್ ತೆಗೆಯಲೇ ಎಂಬುದಕ್ಕೆ ಒಂದು, ಎಲ್ಲವನ್ನೂ ಡಿಸ್ಕಿಗೆ ಇಳಿಸಲೇ ಎಂಬುದಕ್ಕೆ ಮತ್ತೊಂದು. ಒಂದು ಬಿಟ್ಟುಹೋದರೆ ಇನ್‌ಸ್ಟಾಲರ್ ಅಲ್ಲೇ ನಿಂತು, ಎದುರಿಗೆ ಯಾರೂ ಇಲ್ಲದ ಪರದೆಯ ಮೇಲೆ ಪ್ರಶ್ನೆ ಹಾಕಿ ಕಾಯುತ್ತದೆ. ಬೆಳಗಿನವರೆಗೂ ಕಾಯುತ್ತದೆ. ಟಿಕೆಟ್ಟಿನಲ್ಲಿ ನಾವು ಅದನ್ನು ‘ಹ್ಯಾಂಗ್’ ಎಂದು ಬರೆಯುತ್ತೇವೆ. ನಿಜಕ್ಕೂ ಅದು ಹ್ಯಾಂಗ್ ಆಗಿರುವುದಿಲ್ಲ, ನಮ್ಮನ್ನು ಕೇಳುತ್ತಿರುತ್ತದೆ. ಡೆಬಿಯನ್ ಇನ್‌ಸ್ಟಾಲರ್ ಸ್ವಯಂಸೇವಕರ ದುಡಿಮೆಯಿಂದ ಕನ್ನಡದಲ್ಲೂ ಬಂದಿದೆ. ಯಂತ್ರ ನಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳಲು ಕಲಿಯುವ ಹೊತ್ತಿಗೆ ಸರ್ವರುಗಳ ಲೋಕದಲ್ಲಿ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವವರೇ ಇರಲಿಲ್ಲ.

ಕಿಕ್‌ಸ್ಟಾರ್ಟಿನಲ್ಲಿ ಮಾತು ಇನ್ನೂ ಚುಟುಕು. ‘ಕ್ಲಿಯರ್‌ಪಾರ್ಟ್ ಆಲ್’ ಎಂದು ಒಂದು ಸಾಲು ಬರೆದರೆ ಕಣ್ಣಿಗೆ ಬಿದ್ದ ಎಲ್ಲ ಡಿಸ್ಕುಗಳ ಪಾಲುಗಳೂ ಹೋಗುತ್ತವೆ. ಕಣ್ಣಿಗೆ ಬೀಳುವುದರಲ್ಲಿ ಕೇಬಲ್ ಮೂಲಕ ಜೋಡಿಸಿದ ದೂರದ ಸ್ಟೋರೇಜೂ ಸೇರುತ್ತದೆ ಎಂದು ರೆಡ್ ಹ್ಯಾಟಿನ ಕೈಪಿಡಿಯೇ ಎಚ್ಚರಿಸುತ್ತದೆ. ಇನ್‌ಸ್ಟಾಲಿಗೆ ಮೊದಲು ಸ್ಟೋರೇಜಿನ ಕೇಬಲ್ ಕಿತ್ತಿಡಿ ಎನ್ನುವುದು ಹಳಬರ ಮಡಿ. ಡಿಸ್ಕಿನ ಊರಿನಲ್ಲಿ ನಾವಿಲ್ಲದಿದ್ದರೆ ಕೀಳುವವರು ಯಾರು?

ಸರಿ, ಒಂದೇ ಡಿಸ್ಕನ್ನು ಹೆಸರಿಸಿ ಬರೆಯೋಣ ಎಂದರೆ ಆ ಹೆಸರಿಗೂ ಒಂದು ಚರಿತ್ರೆ. ಲಿನಕ್ಸಿನಲ್ಲಿ ಮೊದಲ ಡಿಸ್ಕು ‘ಎಸ್‌ಡಿಎ’, ಎರಡನೆಯದು ‘ಎಸ್‌ಡಿಬಿ’. ಇದು ಹೆಸರಿನಂತೆ ಕಂಡರೂ ನಿಜದಲ್ಲಿ ಸರದಿಯ ನಂಬರು. ಕರ್ನಲ್ಲಿಗೆ ಯಾವುದು ಮೊದಲು ಸಿಕ್ಕಿತೋ ಅದು ‘ಎ’. ಹಳೆಯ ಕಾಲದಲ್ಲಿ ಕರ್ನಲ್ ಒಂದೊಂದೇ ಡಿಸ್ಕನ್ನು ಸಾಲಾಗಿ ಹುಡುಕುತ್ತಿದ್ದುದರಿಂದ ಸರದಿ ಬದಲಾಗುತ್ತಿದ್ದದ್ದು ಅಪರೂಪ. ಬೂಟ್ ಬೇಗ ಆಗಲಿ ಎಂದು ಒಟ್ಟೊಟ್ಟಿಗೆ ಹುಡುಕತೊಡಗಿದ ಮೇಲೆ ಸರದಿಯ ಖಾತರಿ ಹೋಯಿತು. ರಿಮೋಟ್ ಕನ್ಸೋಲಿನಿಂದ ಒಂದು ವರ್ಚುವಲ್ ಯುಎಸ್‌ಬಿ ಜೋಡಿಸಿದರೆ ಅದೇ ‘ಎಸ್‌ಡಿಎ’ ಆಗಿ ಕೂರಬಹುದು. ಎನ್‌ವಿಎಂಇ ಡಿಸ್ಕು ಮಾತ್ರ ಇರುವ ಹೊಸ ಸರ್ವರಿನಲ್ಲಿ ‘ಎಸ್‌ಡಿಎ’ ಎಂಬುದೇ ಇರುವುದಿಲ್ಲ. 2003ರಲ್ಲಿ ಬಂದ ಯುಡೆವ್ ಎಂಬ ವ್ಯವಸ್ಥೆ ಪ್ರತಿ ಡಿಸ್ಕಿಗೂ ಅದರ ಸೀರಿಯಲ್ ನಂಬರಿನಿಂದ ಮಾಡಿದ ಸ್ಥಿರ ಹೆಸರನ್ನು ಕೊಡಲು ದಾರಿ ಮಾಡಿತು. ಆದರೆ ಆ ಹೆಸರು ಉದ್ದ, ಪ್ರತಿ ಯಂತ್ರಕ್ಕೂ ಬೇರೆ. ಮುನ್ನೂರು ಯಂತ್ರಕ್ಕೆ ಒಂದೇ ಫೈಲು ಬೇಕೆನ್ನುವವರು ‘ಎಸ್‌ಡಿಎ’ ಎಂದೇ ಬರೆದರು.

ಕೆಲವು ವರ್ಷಗಳ ಹಿಂದೆ ಇಂಥದೊಂದರ ವಿಚಾರಣೆಯ ಕರೆಯಲ್ಲಿ ನಾನೂ ಕೂತಿದ್ದೆ. ಗಿರಾಕಿ ಬೇರೆ ಖಂಡದವರು. ಸರ್ವರಿನಲ್ಲಿ ಆಪರೇಟಿಂಗ್ ಸಿಸ್ಟಮ್ಮಿಗೆ ಸಣ್ಣ ಡಿಸ್ಕು, ಡೇಟಾಕ್ಕೆ ದೊಡ್ಡದು. ಅದರ ಬಿಡಿಭಾಗವೊಂದನ್ನು ಬದಲಿಸಿದ ಮೇಲೆ ಸರದಿ ತಿರುಗಿತ್ತು. ಫೈಲು ‘ಎಸ್‌ಡಿಎ’ಯನ್ನು ಅಳಿಸು ಎಂದಿತ್ತು, ಇನ್‌ಸ್ಟಾಲರ್ ಅಳಿಸಿತು. ಅಳಿದದ್ದು ಡೇಟಾ. ರಾತ್ರಿ ಪಾಳಿಯಲ್ಲಿದ್ದವನು ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ. ಅವನು ಮಾಡಿದ್ದು ರನ್‌ಬುಕ್ಕಿನಲ್ಲಿ ಬರೆದಿದ್ದ ಆದೇಶವನ್ನು ಅಕ್ಷರ ತಪ್ಪದೆ ಕೊಟ್ಟಿದ್ದು. ಆ ಫೈಲು ಬರೆದವರು ಕಂಪನಿ ಬಿಟ್ಟು ಎಷ್ಟೋ ದಿನವಾಗಿತ್ತು. ವರದಿಯ ಕಾರಣದ ಕಾಲಮ್ಮಿನಲ್ಲಿ ‘ಮಾನವ ದೋಷ’ ಎಂದು ಬರೆದರು. ಯಾವ ಮಾನವನ, ಯಾವ ವರ್ಷದ ದೋಷ ಎಂದು ಯಾರೂ ಕೇಳಲಿಲ್ಲ. ಹುಡುಗನನ್ನು ಆ ಪ್ರಾಜೆಕ್ಟಿನಿಂದ ತೆಗೆದರು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಅಳಿಸಬೇಕಾದದ್ದು ಅಳಿಯದೆ ಉಳಿಯುವುದು. ಬೇರೆ ಸರ್ವರಿನಿಂದ ತೆಗೆದ ಡಿಸ್ಕನ್ನು ಹೊಸದಕ್ಕೆ ಹಾಕಿ, ಮುಂಭಾಗಕ್ಕೆ ಸೊನ್ನೆ ತುಂಬಿ, ಖಾಲಿಯಾಯಿತು ಎಂದುಕೊಳ್ಳುತ್ತೇವೆ. ಜಿಪಿಟಿಯ ನಕಲು ಡಿಸ್ಕಿನ ತುದಿಯಲ್ಲಿದೆ. ಲಿನಕ್ಸ್ ರೇಡಿನ ಹಳೆಯ 0.90 ಆವೃತ್ತಿಯ ಗುರುತೂ ತುದಿಯ ಹತ್ತಿರವೇ; 1.2 ಆವೃತ್ತಿಯದು ಮಾತ್ರ ಆರಂಭದಿಂದ 4 ಕಿಲೋಬೈಟ್ ಒಳಗೆ. ಇನ್‌ಸ್ಟಾಲರ್ ಎದ್ದ ಕೂಡಲೇ ಈ ಹಳೆಯ ಗುರುತುಗಳನ್ನು ನೋಡಿ ಸತ್ತ ರೇಡನ್ನೋ ಎಲ್‌ವಿಎಂ ಗುಂಪನ್ನೋ ಮತ್ತೆ ಜೋಡಿಸಿಬಿಡುತ್ತದೆ. ಆಮೇಲೆ ಪಾಲು ಮಾಡಲು ಹೋದರೆ ‘ಡಿವೈಸ್ ಬ್ಯುಸಿ’. ಮಾರಿದ ಹೊಲದ ಮೇಲೆ ದಾಯಾದಿ ಹಳೆಯ ಪತ್ರ ಹಿಡಿದು ಬಂದಂತೆ. ಆಗ ಮಾಡಬೇಕಾದದ್ದು ಇನ್‌ಸ್ಟಾಲರಿನ ಎರಡನೇ ಕನ್ಸೋಲಿಗೆ ಹೋಗಿ ಸ್ಟೋರೇಜ್ ಲಾಗ್ ಓದುವುದು, ಜೋಡಿಸಿಕೊಂಡದ್ದನ್ನು ಬಿಚ್ಚುವುದು, ‘ವೈಪ್‌ಎಫ್‌ಎಸ್’ ಆದೇಶದಿಂದ ಎಲ್ಲ ಗುರುತುಗಳನ್ನೂ ಹುಡುಕಿ ತೆಗೆಯುವುದು. ಲಾಗ್ ಇರುವುದು ಯಂತ್ರದ ಮೆಮೊರಿಯಲ್ಲಿ. ಅವಸರಪಟ್ಟು ರೀಬೂಟ್ ಮಾಡಿದರೆ ಸಾಕ್ಷಿಯೂ ಹೋಯಿತು.

ಅಳತೆ, ಗಡಿಗಳ ವಿಷಯದಲ್ಲಿ ಚೆನ್ನೈಗೂ ಬೆಂಗಳೂರಿಗೂ ಒಂದು ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ, 1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಮತ್ತು ಪೆರುಂಬಾಕ್ಕಂ ನಡುವೆ ಸುಮಾರು ಏಳೂವರೆ ಮೈಲಿಯ ಒಂದು ರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆಯತೊಡಗಿದ. ಉಪಖಂಡವನ್ನೆಲ್ಲ ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಗೆರೆ ಅದು. ಇವತ್ತು ಪೆರುಂಬಾಕ್ಕಂ ಇರುವುದು ಶೋಲಿಂಗನಲ್ಲೂರಿನ ಐಟಿ ವಲಯದ ಪಕ್ಕದಲ್ಲೇ. ಅಲ್ಲಿಂದ ಮುಂದೆ ಸರಪಳಿಯ ಕೆಲಸವಿಲ್ಲ. ತ್ರಿಕೋನದ ಮೇಲೆ ತ್ರಿಕೋನ ಕಟ್ಟಿ ದೂರವನ್ನು ಲೆಕ್ಕದಿಂದಲೇ ಕಂಡುಕೊಳ್ಳಬಹುದು. ಆದರೂ ಲ್ಯಾಂಬ್ಟನ್ 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ರೇಖೆಯನ್ನು ನೆಲದ ಮೇಲೆ ಸರಪಳಿ ಹಾಸಿಯೇ ಅಳೆಸಿದ. ಮದ್ರಾಸಿನಿಂದ ತಂದ ಲೆಕ್ಕಕ್ಕೂ ಬೆಂಗಳೂರಿನ ನೆಲಕ್ಕೂ ಬಂದ ವ್ಯತ್ಯಾಸ ಕೆಲವೇ ಇಂಚು. ಆ ಇಂಚುಗಳನ್ನು ನೋಡಿದ ಮೇಲೆಯೇ ಮುಂದಿನ ಲೆಕ್ಕಕ್ಕೆ ನಂಬಿಕೆ ಬಂದದ್ದು.

ನಮ್ಮ ಸ್ವಯಂಚಾಲಿತ ಇನ್‌ಸ್ಟಾಲುಗಳಲ್ಲಿ ಕಾಣೆಯಾದದ್ದು ಈ ಎರಡನೆಯ ಅಳತೆ. ಫೈಲು ಬರೆದ ದಿನದ ಲೆಕ್ಕವನ್ನು ಅಳಿಸುವ ದಿನದ ನೆಲದ ಮೇಲೆ ಒಮ್ಮೆ ಇಟ್ಟು ನೋಡುವ ಹಂತ. ಮಾಡಲು ಕಷ್ಟವೇನಿಲ್ಲ. ಕಿಕ್‌ಸ್ಟಾರ್ಟಿನಲ್ಲಿ ಡಿಸ್ಕು ಮುಟ್ಟುವ ಮೊದಲೇ ಓಡುವ ‘ಪ್ರೀ’ ಎಂಬ ಭಾಗವಿದೆ. ಅಲ್ಲಿ ಹತ್ತು ಸಾಲು ಬರೆದರೆ ಸಾಕು: ಡಿಸ್ಕಿನ ಸೀರಿಯಲ್ ನಂಬರು ನಮ್ಮ ದಾಖಲೆಯದೇ? ಗಾತ್ರ ನಿರೀಕ್ಷಿಸಿದಷ್ಟೇ? ಯಂತ್ರ ಬಯೋಸಿನಲ್ಲಿ ಎದ್ದಿದೆಯೋ ಯುಇಎಫ್‌ಐನಲ್ಲೋ? ಡಿಸ್ಕಿನ ಮೇಲೆ ಹಳೆಯ ಗುರುತುಗಳಿವೆಯೇ? ಒಂದು ಹೊಂದದಿದ್ದರೂ ನಿಲ್ಲು, ಲಾಗನ್ನು ಹೊರಗೆ ಕಳಿಸು, ಮನುಷ್ಯನನ್ನು ಕರೆ. ಮುನ್ನೂರರಲ್ಲಿ ಎರಡು ಯಂತ್ರ ನಿಲ್ಲಬಹುದು. ಆ ಎರಡಕ್ಕೆ ಒಬ್ಬರು ಎದ್ದು ಕಣ್ಣುಜ್ಜಿಕೊಂಡು ನೋಡಲಿ. ಆಟೊಮೇಷನ್ ಉಳಿಸಿದ ಸಮಯ ಮತ್ತೆ ಯಾತಕ್ಕೆ?

ಅಷ್ಟಾದ ಮೇಲೂ ಎಡವಟ್ಟು ಆಗುತ್ತದೆ, ವರದಿಯನ್ನೂ ಬರೆಯುತ್ತೇವೆ. ಆ ವರದಿಯಲ್ಲಿ ‘ಯಾರು ಮಾಡಿದರು’ ಎಂಬ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಯಾವ ಪ್ರಶ್ನೆಯನ್ನು ತೆಗೆದುಹಾಕಲಾಗಿತ್ತು, ತೆಗೆದವರು ಯಾರು, ಯಾವ ವರ್ಷ. ಪ್ರಾಮಾಣಿಕವಾಗಿ ತುಂಬಿದರೆ ಆ ಕಾಲಮ್ಮಿನಲ್ಲಿ ಕೆಲವೊಮ್ಮೆ 1983 ಎಂದು ಬರೆಯಬೇಕಾಗುತ್ತದೆ. ಆಗ ಪಾಳಿಯಲ್ಲಿದ್ದ ಹುಡುಗನ ಪಾಲಿಗೆ ಬರುವ ತಪ್ಪು ಎಷ್ಟು ಸಣ್ಣದು ಎಂಬುದೂ ಅದೇ ಹಾಳೆಯಲ್ಲಿ ಕಾಣುತ್ತದೆ.